ಬಿಸಿಯಾಗಿ ಆಫ್ ಆಗುವ ಕಂಪ್ಯೂಟರಿಗೆ ಎರಡು ಬಾರಿ ವಿಂಡೋಸ್ ಹಾಕಿದ್ದರ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರ್ ಆನ್ ಮಾಡಿದ ಹತ್ತು ಹದಿನೈದು ನಿಮಿಷದೊಳಗೆ ಯಾವ ಸೂಚನೆಯೂ ಇಲ್ಲದೆ ಆಫ್ ಆಗುತ್ತಿದೆ ಎಂದು ಎರಡು ತಿಂಗಳಲ್ಲಿ ಏಳು ಬಾರಿ ಫೋನ್ ಮಾಡಿ ತಿಳಿಸಿದ್ದೇನೆ. ನಿಮ್ಮ ಟೆಕ್ನಿಷಿಯನ್ ಎರಡು ಸಲ ಮನೆಗೆ ಬಂದರು. ಎರಡು ಸಲವೂ ಕ್ಯಾಬಿನೆಟ್ಟಿನ ಒಂದು ಸ್ಕ್ರೂ ಕೂಡ ಬಿಚ್ಚದೆ, ವಿಂಡೋಸನ್ನು ಹೊಸದಾಗಿ ಹಾಕಿ, ಜಾಬ್ ಶೀಟಿನಲ್ಲಿ ‘ಸಮಸ್ಯೆ ಬಗೆಹರಿದಿದೆ’ ಎಂದು ಬರೆದು, ನನ್ನ ಸಹಿ ಪಡೆದು ಹೋದರು. ಎರಡನೆಯ ಸಲ ಅವರು ಹೊರಟು ಕಾಲು ಗಂಟೆಯಾಗುವ ಮೊದಲೇ ಕಂಪ್ಯೂಟರ್ ಮತ್ತೆ ಆಫ್ ಆಯಿತು.

ದೋಷ ವಿಂಡೋಸಿನದಲ್ಲ. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್ ಪರದೆಯನ್ನು ತೆರೆದು ಸುಮ್ಮನೆ ಬಿಟ್ಟರೂ ಕಂಪ್ಯೂಟರ್ ಆಫ್ ಆಗುತ್ತದೆ, ಮತ್ತು ಆ ಪರದೆಯಲ್ಲಿರುವಾಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲಿ ತೋರುವ ಪ್ರೊಸೆಸರ್ ತಾಪಮಾನ ನನ್ನ ಕಣ್ಣೆದುರಿಗೇ 58 ಡಿಗ್ರಿಯಿಂದ 97ಕ್ಕೆ ಏರಿ, ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಬಹುಪಾಲು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದನ್ನು ಮುಟ್ಟಿದಾಗ ಪ್ರೊಸೆಸರ್ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ, ಆಗಲೂ ಬಿಸಿ ಇಳಿಯದಿದ್ದರೆ ತಾನು ಸುಟ್ಟುಹೋಗದಿರಲೆಂದು ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ ಎಂಬುದನ್ನು ಕಂಪ್ಯೂಟರ್ ಮಾರುವ ನಿಮಗೆ ನಾನು ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ. ನಿಮ್ಮ ಟೆಕ್ನಿಷಿಯನ್, ವಿಂಡೋಸ್ ತನ್ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರಿನಲ್ಲಿದ್ದ ‘ಕರ್ನಲ್-ಪವರ್ 41’ ಎಂಬ ನಮೂದನ್ನು ತೋರಿಸಿ ಇದು ವಿಂಡೋಸಿನ ದೋಷ ಎಂದರು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಎಂದಷ್ಟೇ ಆ ನಮೂದು ಹೇಳುತ್ತದೆ. ಏಕೆ ನಿಂತಿತು ಎಂದು ಹೇಳುವುದಿಲ್ಲ.

ಪಕ್ಕದ ಮುಚ್ಚಳ ತೆಗೆದು ನೋಡಿದೆ. ಫ್ಯಾನ್ ಸರಿಯಾಗಿಯೇ ತಿರುಗುತ್ತಿದೆ, ಧೂಳೂ ಇಲ್ಲ. ಕಂಪ್ಯೂಟರ್ ಆಫ್ ಆದ ಕೂಡಲೇ ಪ್ಲಗ್ ಕಿತ್ತು, ಪ್ರೊಸೆಸರಿನ ಬಿಸಿ ಹೀರಬೇಕಾದ ಲೋಹದ ಹೀಟ್‌ಸಿಂಕಿನ ಮೇಲೆ ಕೈಯಿಟ್ಟರೆ ಅದು ಉಗುರುಬೆಚ್ಚಗೂ ಇಲ್ಲ. ಪ್ರೊಸೆಸರ್ ಕುದಿಯುತ್ತಿದ್ದು ಅದರ ನೆತ್ತಿಯ ಮೇಲಿನ ಲೋಹ ತಣ್ಣಗಿದೆಯೆಂದರೆ ಎರಡೂ ಒಂದಕ್ಕೊಂದು ಸರಿಯಾಗಿ ತಾಗುತ್ತಿಲ್ಲ. ಕೂಲರನ್ನು, ಅಂದರೆ ಆ ಹೀಟ್‌ಸಿಂಕ್ ಮತ್ತು ಫ್ಯಾನನ್ನು, ಹಿಡಿದಿರುವ ನಾಲ್ಕು ಪಿನ್‌ಗಳಲ್ಲಿ ಒಂದು ಮೇಲೆದ್ದಿರುವುದು ಬರಿಗಣ್ಣಿಗೇ ಕಾಣುತ್ತದೆ. ಕೂಲರನ್ನು ಕಳಚಿ, ಎರಡರ ನಡುವೆ ಬಿಸಿ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ, ಹೊಸದು ಹಚ್ಚಿ ಕೂರಿಸಬೇಕು. ಆ ಕೆಲಸ ನಿಮ್ಮದೆಂಬ ಕಾರಣಕ್ಕೇ ನಾನು ಮುಟ್ಟದೆ ಫೋಟೋ ಮಾತ್ರ ತೆಗೆದು ಈ ಪತ್ರದೊಂದಿಗೆ ಇಟ್ಟಿದ್ದೇನೆ.

ಮೊನ್ನೆ ಬೆಳಿಗ್ಗೆ 22 ನಿಮಿಷ ಕಾದ ಮೇಲೆ ಸಿಕ್ಕ ನಿಮ್ಮ ಸಿಬ್ಬಂದಿಗೆ ಇದನ್ನೇ ಹೇಳಲು ಹೊರಟೆ. ಬಯಾಸ್ ಎಂಬ ಮಾತು ಬಾಯಿಂದ ಬಂದದ್ದೇ ತಡ, ‘ಮೇಡಂ, ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರಿಗೆ ಫೋನ್ ಕೊಡಿ’ ಎಂದರು. ಗೊತ್ತಿರುವವಳು ನಾನೇ ಎಂದೆ. ‘ಯಜಮಾನರು ಇಲ್ಲವೇ?’ ಎಂದರು. ನನ್ನ ಕಂಪ್ಯೂಟರಿನ ವಿಷಯಕ್ಕೆ ಅವರೇಕೆ ಬೇಕು ಎಂದು ಕೇಳಿ, ತಾಪಮಾನದ ಅಂಕಿಗಳನ್ನು ಓದಿ ಹೇಳಿದೆ. ‘ಸಿಪಿಯು ಅಂದಮೇಲೆ ಬಿಸಿಯಾಗುತ್ತದೆ, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಡಿ’ ಎಂದರು. ಮುಚ್ಚಳ ತೆಗೆದು ನೋಡಿದ್ದೇನೆ ಎಂದ ಕೂಡಲೇ ಅವರ ದನಿ ಗಡುಸಾಯಿತು: ‘ಬಿಚ್ಚಿದ್ದೀರಾ? ಹಾಗಾದರೆ ಹಾಳು ಮಾಡಿದವರು ನೀವೇ, ವಾರಂಟಿ ಮುಗಿಯಿತು.’ ಆಮೇಲೆ ಪಕ್ಕದಲ್ಲಿದ್ದ ಯಾರಿಗೋ ‘ಲೈನಿನಲ್ಲಿ ಇಂಜಿನಿಯರಮ್ಮ ಇದ್ದಾರೆ ನೋಡು’ ಎಂದರು, ಇಬ್ಬರು ನಕ್ಕದ್ದು ಕೇಳಿಸಿತು, ಕರೆ ಕಟ್ಟಾಯಿತು. ಎರಡೂ ಕೈಯಲ್ಲಿ ಮುಚ್ಚಳ ಹಿಡಿದಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಆ ನಗು ನನ್ನ ಮಗಳ ಕಿವಿಗೂ ಬಿತ್ತು. ‘ಅಮ್ಮ, ಅವರು ನಿನ್ನನ್ನು ನೋಡಿ ನಕ್ಕರಾ?’ ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಧೂಳು ತೆಗೆಯಲು ಬಳಕೆದಾರರು ಪಕ್ಕದ ಮುಚ್ಚಳ ತೆರೆಯಬಹುದು ಎಂದು ನಿಮ್ಮದೇ ಕೈಪಿಡಿ ಚಿತ್ರಸಮೇತ ಹೇಳುತ್ತದೆ. ವಿಂಡೋಸ್ ಹಾಕಲು ಡಿಸ್ಕನ್ನು ಅಳಿಸಿ ಫಾರ್ಮ್ಯಾಟ್ ಮಾಡುವ ಮೊದಲು ಗ್ರಾಹಕರ ಕಡತಗಳ ನಕಲು ತೆಗೆಯಲಾಗಿದೆಯೇ ಎಂಬ ಪ್ರಶ್ನೆ ನಿಮ್ಮದೇ ಜಾಬ್ ಶೀಟಿನಲ್ಲಿ ಅಚ್ಚಾಗಿದೆ. ಎರಡು ಜಾಬ್ ಶೀಟಿನಲ್ಲೂ ಆ ಜಾಗ ಖಾಲಿಯಿದೆ, ಏಕೆಂದರೆ ಅವರು ಕೇಳಲೇ ಇಲ್ಲ. ನಾನು ನಾಲ್ಕು ತಿಂಗಳು ಕೂತು ಟೈಪ್ ಮಾಡಿದ್ದ 86 ಪುಟಗಳ ಅನುವಾದ ಮೊದಲ ಭೇಟಿಯಲ್ಲೇ ಅಳಿಸಿಹೋಯಿತು. ಕೂಲರಿನ ಒಂದು ಪಿನ್ ಒತ್ತಿದ್ದರೆ ಅದು ಇಂದಿಗೂ ಇರುತ್ತಿತ್ತು.

ಏಳು ದಿನಗಳೊಳಗೆ ಕೂಲರ್ ತೆಗೆದು ನೋಡಬಲ್ಲ ಒಬ್ಬರನ್ನು ಕಳುಹಿಸಿ, ಹಾಗೂ ವಾರಂಟಿ ಚಾಲ್ತಿಯಲ್ಲಿದೆ ಎಂದು ಬರೆದು ಕೊಡಿ. ಆದರೆ ಕಂಪ್ಯೂಟರ್ ಸರಿಯಾದ ಮಾತ್ರಕ್ಕೆ ನಾನು ಸುಮ್ಮನಾಗುತ್ತೇನೆಂದು ತಿಳಿಯಬೇಡಿ. ಗ್ರಾಹಕ ನ್ಯಾಯಾಲಯಕ್ಕೆ ಕೊಡಬೇಕಾದ ದೂರನ್ನು ಬರೆದಿಟ್ಟಿದ್ದೇನೆ. ನಿಮಗೆ ಫೋನ್ ಮಾಡಿದಾಗಲೆಲ್ಲ ‘ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತದೆ’ ಎಂದು ಮೊದಲೇ ಕೇಳಿಸುತ್ತೀರಿ. ಮೊನ್ನೆಯ ಆ ಮುದ್ರಣವನ್ನು ಅಳಿಸದೆ ಇಡಿ. ನ್ಯಾಯಾಲಯದಲ್ಲಿ ನಾನು ಮೊದಲು ಕೇಳುವುದು ಅದನ್ನೇ.

ಇತಿ,
ನಿಮ್ಮ ಗ್ರಾಹಕಿ