ಸಂಜೆ ಹಾಲು ಇನ್ನು ಮುಂದೆ ತುಪ್ಪವಾಗಿ ಬರುತ್ತದೆ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಂಘ ಸಂಜೆ ಹಾಲು ಮಾರುವುದಿಲ್ಲ. ಬೆಳಗಿನ ಹಾಲು ಎಂದಿನಂತೆ ಬರುತ್ತದೆ. ಸಂಜೆ ಹಾಲು ತೆಗೆದುಕೊಳ್ಳುತ್ತಿದ್ದವರು ಹಾಲು ಹಾಕುವವರಿಗೆ ಒಂದು ಮಾತು ಹೇಳಿದರೆ ಸಾಕು, ಅಷ್ಟನ್ನೂ ಬೆಳಿಗ್ಗೆಯೇ ಕೊಡುತ್ತಾರೆ.

ಯಾಕೆ ಈ ಬದಲಾವಣೆ? ನಮ್ಮ ಸದಸ್ಯರೆಲ್ಲ ಒಂದೆರಡು ಹಸು, ಎಮ್ಮೆ ಕಟ್ಟಿಕೊಂಡವರು. ಬೆಳಗಿನ ಹಾಲು ಖರ್ಚಾಗುತ್ತದೆ, ಸಂಜೆಯದು ಉಳಿಯುತ್ತದೆ. ಹಸಿರು ಮೇವು ಜಾಸ್ತಿ ಸಿಗುವ ಕಾಲದಲ್ಲಂತೂ ಕೇಳುವುದೇ ಬೇಡ. ಆಗ ತಾನೇ ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಬೇಗನೆ 4 ಡಿಗ್ರಿಗೆ ತಣಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಸಗಟು ಖರೀದಿದಾರರಿಗೂ ಇದು ಗೊತ್ತು ಅಲ್ವಾ? ಸುಮ್ನೆ ಕಾದು, ಕೊನೆಗೆ ತಾವು ಹೇಳಿದ ದರಕ್ಕೇ ಎತ್ತುತ್ತಾರೆ. ತುಪ್ಪಕ್ಕೆ ಆ ಅವಸರ ಇಲ್ಲ. ನೀರಿನಂಶ ಹೋಗಿರುವುದರಿಂದ ತಿಂಗಳುಗಟ್ಟಲೆ ಇಡಬಹುದು. ದರ ಕುದುರುವವರೆಗೆ ನಾವೂ ಕಾಯಬಹುದು.

ತುಪ್ಪ ದುಬಾರಿ ಅನ್ನಿಸಬಹುದು. ಒಂದು ಕಿಲೋ ತುಪ್ಪಕ್ಕೆ ಹಸುವಿನ ಹಾಲು 25 ಲೀಟರಿಗೂ ಜಾಸ್ತಿ ಬೇಕು. ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು, ಹಾಗಾಗಿ 15 ಲೀಟರಿನ ಆಸುಪಾಸು ಸಾಕು. ಎರಡನ್ನೂ ಬೆರೆಸುವುದಿಲ್ಲ, ಬಾಟಲಿಗಳು ಬೇರೆ ಬೇರೆ. ಹಸುವಿನ ತುಪ್ಪದ ಹಳದಿ ಮೇವಿನಲ್ಲಿರುವ ಕ್ಯಾರೊಟೀನಿನಿಂದ ಬಂದದ್ದು, ನಾವು ಹಾಕಿದ ಬಣ್ಣವಲ್ಲ. ಒಣ ಮೇವಿನ ಕಾಲದಲ್ಲಿ ಅದು ಸ್ವಲ್ಪ ಪೇಲವವಾಗುತ್ತದೆ. ಎಮ್ಮೆಯದು ಯಾವಾಗಲೂ ಬಿಳಿ. ಹರಳು ಹರಳಾಗಿದ್ದರೆ ನಿಧಾನವಾಗಿ ತಣಿದಿದೆ ಎಂದರ್ಥ, ಗಾಬರಿ ಬೇಡ.

ಕಾಯಿಸುವ ಕೆಲಸ ನಮ್ಮ ಸದಸ್ಯೆಯರದು. ಅದಕ್ಕೆ ಹಾಲಿನ ದುಡ್ಡಿನ ಜೊತೆಗೆ ಬೇರೆ ಕೂಲಿ ಇದೆ. ಬೆಣ್ಣೆ ಒಲೆಗೇರಿದಾಗ ಮೊದಲು ಚಟಪಟ ಸದ್ದು, ಮೇಲೆಲ್ಲ ನೊರೆ. ನೀರು ಆರುತ್ತಾ ಬಂದಂತೆ ಸದ್ದು ಅಡಗುತ್ತದೆ. ತಳದ ಗಸಿ ತಿಳಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಬೇಕು. ತಡವಾದರೆ ಸೀದ ವಾಸನೆ, ಬೇಗ ಇಳಿಸಿದರೆ ನೀರಿನಂಶ ಉಳಿದು ತುಪ್ಪ ಬೇಗ ಕೆಡುತ್ತದೆ. ಥರ್ಮಾಮೀಟರ್ ತಂದುಕೊಟ್ಟಿದ್ದೇವೆ. ಅವರು ನಂಬುವುದು ಮಾತ್ರ ಕಿವಿಯನ್ನೇ.

ಕೆನೆ ತೆಗೆದ ಮೇಲೆ ಉಳಿಯುವ ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುತ್ತೇವೆ. ಡಬ್ಬಿಯ ಮೇಲೆ ‘ಕೆನೆ ತೆಗೆದದ್ದು’ ಎಂದು ದೊಡ್ಡದಾಗಿಯೇ ಬರೆದಿರುತ್ತದೆ. ಗಟ್ಟಿ ಕಾಣಲಿ ಅಂತ ಯಾವ ಪುಡಿಯನ್ನೂ ಸೇರಿಸುವುದಿಲ್ಲ, ಆದ್ದರಿಂದ ಸ್ವಲ್ಪ ತೆಳ್ಳಗಿರುತ್ತದೆ. ಕೆನೆ ಮೊಸರೇ ಬೇಕು ಅನ್ನುವವರು ಬೆಳಗಿನ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿಕೊಳ್ಳುವುದು ಒಳ್ಳೆಯದು.

ಪ್ರತಿ ತುಪ್ಪದ ಬಾಟಲಿಯ ಮೇಲೂ ಕಾಯಿಸಿದ ತಾರೀಖು ಇರುತ್ತದೆ. ಒದ್ದೆ ಚಮಚ ಹಾಕಬೇಡಿ. ಖಾಲಿ ಬಾಟಲಿಯನ್ನು ತೊಳೆದು, ಚೆನ್ನಾಗಿ ಒಣಗಿಸಿ ಕೊಟ್ಟರೆ ವಾಪಸ್ ತೆಗೆದುಕೊಳ್ಳುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ
ಹಾಲು ಉತ್ಪಾದಕರ ಸಹಕಾರ ಸಂಘದ ಪರವಾಗಿ