ಜೋರ್ಡಾನ್ ಭಾಷಣ ಸಾಕು, ಅಂಕಣದ ಗುಂಡಿ ಮುಚ್ಚಿ

ಸಂಪಾದಕರೇ,

ನಮ್ಮ ಬಡಾವಣೆಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಭಾನುವಾರ ನಡೆದ ಸನ್ಮಾನದ ವರದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಫೋಟೊ ಚೆನ್ನಾಗಿದೆ. ಪೇಟ, ಶಾಲು, ಹಾರ ಎಲ್ಲ ಕಾಣುತ್ತದೆ. ಶಾಮಿಯಾನ ನಿಲ್ಲಿಸಲು ಅಂಕಣದ ಸಿಮೆಂಟ್ ಕೊರೆದು ಗೂಟ ಹೊಡೆದದ್ದು ಮಾತ್ರ ಕಾಣುವುದಿಲ್ಲ.

ಮುಖ್ಯ ಅತಿಥಿಗಳು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ ಬಗ್ಗೆ ಮಾತಾಡಿದ್ದು ಮೈಕಿನಲ್ಲಿ ಇಡೀ ಬಡಾವಣೆಗೆ ಕೇಳಿಸಿತು. ಶಾಲೆಯ ತಂಡದಿಂದ ಹೊರಗೆ ಹಾಕಿದರೂ ಛಲ ಬಿಡಲಿಲ್ಲ, ನಮ್ಮ ಮಕ್ಕಳೂ ಹಾಗಾಗಬೇಕು ಅಂದರು. ಸ್ವಾಮಿ, ಕತೆ ಪೂರ್ತಿ ಹೇಳಬೇಕಿತ್ತು. ಅಮೆರಿಕದ ವಿಲ್ಮಿಂಗ್ಟನ್ ಊರಿನ ಲೇನಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಹುಡುಗನಿಗೆ ಹಿರಿಯರ ತಂಡದಲ್ಲಿ ಜಾಗ ಸಿಗಲಿಲ್ಲ, ನಿಜ. ಹಾಗಂತ ಮನೆಗೆ ಕಳಿಸಲಿಲ್ಲ, ಕಿರಿಯರ ತಂಡದಲ್ಲಿ ಆಡಿಸಿದರು. ಮನೆಯ ಹಿತ್ತಲಲ್ಲಿ ಅಪ್ಪ ಅಂಕಣ ಮಾಡಿಕೊಟ್ಟಿದ್ದರು. ಅಲ್ಲಿ ಅಣ್ಣ ಲ್ಯಾರಿಯ ಕೈಲಿ ಸೋತು ಸೋತೇ ಆಟ ಕಲಿತ. ಬರೀ ಛಲ ಇದ್ದರೆ ಸಾಕಾ, ಆಡೋಕೆ ಜಾಗ ಬೇಡ್ವಾ? ಆ ಭಾಷಣ ಮಾಡಿದ್ದು ಮಕ್ಕಳ ಜಾಗದ ಮೇಲೆ ವೇದಿಕೆ ಹಾಕಿಕೊಂಡು.

ನನ್ನ ಮಗಳಿಗೆ ಮುಂದಿನ ವಾರ ತಂಡದ ಆಯ್ಕೆ ಇದೆ. ಅಭ್ಯಾಸಕ್ಕೆ ಹೋದರೆ ಫ್ರೀ ಥ್ರೋ ಗೆರೆ ಇದ್ದ ಕಡೆ ಅಡುಗೆಯವರ ಒಲೆಯ ಮಸಿ, ಅದರ ಸುತ್ತ ಎಣ್ಣೆ ಜಿಡ್ಡು. ಕಾಲು ಜಾರಿ ಬಿದ್ದು ಪಾದ ಊದಿಸಿಕೊಂಡು ಬಂದಳು. ಭಾನುವಾರ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿ, ಔಷಧಿ ತರಲು ಸ್ಕೂಟರ್ ತೆಗೆಯೋಕೂ ಆಗಲಿಲ್ಲ. ಜನರೇಟರ್ ನಮ್ಮ ಕಿಟಕಿಗೇ ಬೆನ್ನು ಕೊಟ್ಟಿತ್ತು. ಮಧ್ಯರಾತ್ರಿವರೆಗೆ ಕುರ್ಚಿ ಎಸೆಯುವ ಸದ್ದು. ಈಗ ಸಂಜೆ ಟ್ರಾಫಿಕ್‌ನಲ್ಲಿ ಬಿ.ಎಚ್. ರಸ್ತೆ ದಾಟಿ ಅವಳನ್ನು ಒಂದು ಕಾಲೇಜಿನ ಅಂಕಣಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ಕಾವಲುಗಾರ ಒಳಗೆ ಬಿಟ್ಟರೆ ಪುಣ್ಯ.

ಫ್ಲೆಕ್ಸ್ ಇನ್ನೂ ತೆಗೆದಿಲ್ಲ. 23ನೇ ನಂಬರಿನ ಜೋರ್ಡಾನ್ ಒಂದು ಮೂಲೆಯಲ್ಲಿ ಹಾರುತ್ತಿದ್ದಾನೆ, ಮುಖಂಡರ ಮುಖ ಅವನ ನಾಲ್ಕರಷ್ಟಿದೆ. ಪಾಪ, 6 ಸಲ ಶಿಕಾಗೊ ಬುಲ್ಸ್ ತಂಡಕ್ಕೆ ಅಮೆರಿಕದ ಎನ್‌ಬಿಎ ಲೀಗಿನ ಪಟ್ಟ ಗೆದ್ದುಕೊಟ್ಟವನು, 10 ಸಲ ಆ ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ ಸರಾಸರಿ ಅಂಕ ಗಳಿಸಿದವನು. ತುಮಕೂರಿಗೆ ಬಂದರೆ ಇಷ್ಟೇ ಜಾಗ.

ಅಧಿಕಾರಿಗಳಿಗೆ ಹೇಳಿದರೆ ಅರ್ಜಿ ಕೊಡಿ ಅನ್ನುತ್ತಾರೆ. 1993ರಲ್ಲಿ ಅಪ್ಪ ಕೊಲೆಯಾದ ಮೇಲೆ ಜೋರ್ಡಾನ್ ಆಟ ಬಿಟ್ಟ, ಬೇಸ್‌ಬಾಲ್ ಆಡಿದ, 1995ರಲ್ಲಿ ವಾಪಸ್ ಬಂದ, ಮತ್ತೆ ಸಾಲಾಗಿ ಮೂರು ಪಟ್ಟ ಗೆದ್ದ. ಅಂಕಣದ ಬಾಗಿದ ರಿಂಗ್ ರಿಪೇರಿಗೆ ನಾವು ಕೊಟ್ಟ ಅರ್ಜಿ ಮಾತ್ರ ಹೋದದ್ದು ಹೋದ ಹಾಗೇ. ರಿಂಗ್ 10 ಅಡಿ ಎತ್ತರದಲ್ಲಿ ಇರಬೇಕು ಅಂತ ಹೇಳಿದ್ದಕ್ಕೆ ಒಬ್ಬ ಸಾಹೇಬರು, ಸ್ವಲ್ಪ ಕೆಳಗಿದ್ದರೆ ಮಕ್ಕಳಿಗೆ ಸುಲಭ ಅಲ್ವೇನಮ್ಮ ಅಂದರು. ಬೀದಿದೀಪದ ಕತೆಯೂ ಇದೇ. ಮೋರಿ ಮೇಲಿನ ಚಪ್ಪಡಿ ಒಡೆದು ಹಸು ಬಿದ್ದಾಗಲೂ ಬಂದು ನೋಡಿ ಹೋದರು, ಅಷ್ಟೇ. ಹೇಮಾವತಿ ನೀರು ಯಾವಾಗ ಬಿಡುತ್ತೀರಿ ಅಂತ ಫೋನ್ ಮಾಡಿದರೆ ಸುಮ್ನೆ ಕಟ್ ಮಾಡುತ್ತಾರೆ. ಕಂದಾಯ ಕಟ್ಟುವುದು ಒಂದು ದಿನ ತಡವಾಗಲಿ, ಆಗ ನಮ್ಮ ವಿಳಾಸ ಚೆನ್ನಾಗಿ ನೆನಪಿರುತ್ತದೆ.

ಸಂಬಂಧಪಟ್ಟವರು ಕೂಡಲೇ ಗುಂಡಿ ಮುಚ್ಚಿಸಲಿ. ಆಗದಿದ್ದರೆ ಅಂಕಣಕ್ಕೆ ಕಲ್ಯಾಣ ಮಂಟಪ ಅಂತ ಬೋರ್ಡ್ ಹಾಕಿ ಬಾಡಿಗೆಯನ್ನಾದರೂ ವಸೂಲಿ ಮಾಡಲಿ. ಅನುಮತಿ ಕೊಟ್ಟವರು ಯಾರು ಅಂತ ಬಹಿರಂಗವಾಗಿ ಹೇಳಲಿ. ಹೇಳದಿದ್ದರೂ ಪರವಾಗಿಲ್ಲ, ಯಾರಾದರೇನು, ಎಲ್ಲರೂ ಅಷ್ಟೇ. ಸನ್ಮಾನ ಬೇಕಾದವರು ಅವರವರ ಮನೆ ಅಂಗಳ ಕೊರೆದುಕೊಳ್ಳಲಿ. ಸ್ವಲ್ಪವಾದರೂ ನಾಚಿಕೆ ಬೇಡವೇ?

— ಆಟಗಾರ್ತಿಯೊಬ್ಬಳ ತಾಯಿ, ತುಮಕೂರು