ಜಂತುಹುಳದ ಟ್ಯೂಬ್ ಇನ್ನು ಲದ್ದಿ ನೋಡಿದ ಮೇಲೆಯೇ

ಆತ್ಮೀಯ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಕಳೆದ ತಿಂಗಳು ಎಂದಿನಂತೆ ಕುದುರೆಗಳ ಜಂತುಹುಳದ ಔಷಧಿಯ ಟ್ಯೂಬ್ ಕೇಳಲು ಬಂದವರನ್ನು "ಮೊದಲು ಲದ್ದಿ ತನ್ನಿ" ಎಂದು ಹೇಳಿ ವಾಪಸ್ ಕಳಿಸಿದೆವು. ಮುಂಚಿತವಾಗಿ ತಿಳಿಸದೆ ಹಾಗೆ ಮಾಡಿದ್ದು ನಮ್ಮ ತಪ್ಪು. ದೂರದಿಂದ ಬಂದು ಬರಿಗೈಯಲ್ಲಿ ಹೋದವರೆಲ್ಲರ ಕ್ಷಮೆ ಕೇಳುತ್ತೇನೆ. ಈ ಪತ್ರ ಅದಕ್ಕೂ ಮೊದಲೇ ನಿಮ್ಮ ಕೈಸೇರಬೇಕಿತ್ತು. ಆದರೆ ತೀರ್ಮಾನ ತಪ್ಪಲ್ಲ, ಅದನ್ನು ಬದಲಿಸುವುದೂ ಇಲ್ಲ. ಬೆಳೆದ ಕುದುರೆಗಳಿಗೆ ಎರಡು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಆ ಟ್ಯೂಬಿನ ಪೇಸ್ಟ್ ಕೊಡುವುದನ್ನು ಸಂಘ ನಿಲ್ಲಿಸಿದೆ. ಇನ್ನು ಮೇಲೆ ಲದ್ದಿಯಲ್ಲಿ ಮೊಟ್ಟೆ ಎಣಿಸಿ ನೋಡಿ, ಬೇಕಾದ ಕುದುರೆಗೆ ಬೇಕಾದ ಔಷಧಿ ಕೊಡುತ್ತೇವೆ.

ಈ ತಿಂಗಳಿಡೀ ಒಂದೇ ಮಾತು ಕೇಳಿದ್ದೇನೆ. "ಇಷ್ಟು ವರ್ಷ ಎರಡು ತಿಂಗಳಿಗೊಮ್ಮೆ ಹಾಕಿ ಅಂತ ಹೇಳಿ ಮಾರಿದವರು ನೀವೇ. ಈಗ ಬೇಡ ಅನ್ನುವವರೂ ನೀವೇ. ಆಗ ಸುಳ್ಳು ಹೇಳಿದಿರೋ, ಈಗ ಹೇಳ್ತಿದ್ದೀರೋ?" ಫೋನಿನಲ್ಲಿ ಎರಡು ಮಾತಿನಲ್ಲಿ ಇದಕ್ಕೆ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಪೂರ್ತಿ ಹೇಳುತ್ತೇನೆ.

ಆಗಲೂ ಸುಳ್ಳು ಹೇಳಿರಲಿಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಔಷಧಿ ಕೊಡುವ ಕ್ರಮವನ್ನು 1966ರಲ್ಲಿ ಮುಂದಿಟ್ಟವರು ಅಮೆರಿಕದ ಕೆಂಟಕಿಯ ಸಂಶೋಧಕರಾದ ಡ್ರಜ್ ಮತ್ತು ಲಯನ್ಸ್. ಆಗ ಕುದುರೆಗಳನ್ನು ಕೊಲ್ಲುತ್ತಿದ್ದುದು ಸ್ಟ್ರಾಂಜೈಲಸ್ ವಲ್ಗ್ಯಾರಿಸ್ ಎಂಬ ದೊಡ್ಡ ಹುಳು. ಅದರ ಮರಿಹುಳುಗಳು ಕರುಳಿಗೆ ರಕ್ತ ಒಯ್ಯುವ ದೊಡ್ಡ ನಾಳದೊಳಗೆ ಹತ್ತಿ ಕೂರುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಮುಂದೆ ಹೋದರೆ ಕರುಳಿನ ಒಂದು ಭಾಗವೇ ಸತ್ತುಹೋಗುತ್ತದೆ. ಹೊಟ್ಟೆಶೂಲೆಯಿಂದ ನೆಲದಲ್ಲಿ ಹೊರಳುವ ಕುದುರೆಯನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಈ ಹುಳು ಕುದುರೆಯ ಹೊಟ್ಟೆ ಸೇರಿದ ಮೇಲೆ ಮೊಟ್ಟೆ ಇಡಲು ಆರೇಳು ತಿಂಗಳು ಬೇಕು. ಅಷ್ಟರೊಳಗೆ ಮತ್ತೆ ಮತ್ತೆ ಔಷಧಿ ಬಿದ್ದರೆ ಅದರ ವಂಶ ಮುಂದುವರಿಯುವುದಿಲ್ಲ. ಆ ಲೆಕ್ಕ ಸರಿಯಾಗಿತ್ತು, ಹುಳು ನಿಜವಾಗಿಯೂ ಕಡಿಮೆಯಾಯಿತು.

ಈಗ ನಮ್ಮ ಮುಂದಿರುವುದು ಬೇರೆ ಹುಳು. ಸಣ್ಣ ಸ್ಟ್ರಾಂಜೈಲ್‌ಗಳು. ಬಯಲಲ್ಲಿ ಮೇಯುವ ಕುದುರೆಗಳಲ್ಲಿ ಇವು ಇಲ್ಲದ ಕುದುರೆ ಸಿಗುವುದೇ ಅಪರೂಪ. ಇವು ವಾರಗಳಲ್ಲಿ ಬೆಳೆದು ಮೊಟ್ಟೆ ಇಡಬಲ್ಲವು. ಪ್ರತಿ ಸಲ ಔಷಧಿ ಕೊಟ್ಟಾಗಲೂ ಅದಕ್ಕೆ ಬಗ್ಗದ ನಾಲ್ಕು ಹುಳು ಉಳಿದುಕೊಂಡವು. ಮುಂದಿನ ಪೀಳಿಗೆ ಅವುಗಳದ್ದೇ ಆಯಿತು. ಫೆನ್‌ಬೆಂಡಜೋಲ್ ಗುಂಪಿನ ಔಷಧಿ ಇವುಗಳ ಮೇಲೆ ಇಂದು ಪ್ರಪಂಚದ ಬಹುತೇಕ ಕಡೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಪೈರಾಂಟೆಲ್ ಕೂಡ ಅನೇಕ ಕಡೆ ಸೋತಿದೆ. ಐವರ್ಮೆಕ್ಟಿನ್ ಕೊಟ್ಟರೆ ಎಂಟು ವಾರದವರೆಗೂ ಕಾಣದಿರುತ್ತಿದ್ದ ಮೊಟ್ಟೆ ಈಗ ಅದಕ್ಕೂ ಮೊದಲೇ ಕಾಣುತ್ತಿದೆ. 1980ರ ದಶಕದ ಆರಂಭದಲ್ಲಿ ಐವರ್ಮೆಕ್ಟಿನ್ ಬಂದ ಮೇಲೆ ಈ ಹುಳುಗಳಿಗೆ ಹೊಸ ಗುಂಪಿನ ಔಷಧಿ ಕುದುರೆಗೆ ಬಂದೇ ಇಲ್ಲ. ಇದೂ ಕೈಕೊಟ್ಟರೆ ನಮ್ಮ ಕಪಾಟಿನಲ್ಲಿ ನಿಮಗೆ ಕೊಡಲು ಏನೂ ಉಳಿಯುವುದಿಲ್ಲ.

ಇದನ್ನು ಓದಿ ಮಾತ್ರ ತಿಳಿದವನಲ್ಲ ನಾನು. ನಾವೇ ಮಾರಿದ ಪೇಸ್ಟ್ ಕೊಟ್ಟು 14 ದಿನಕ್ಕೆ ಸದಸ್ಯರೊಬ್ಬರ ಕುದುರೆಗಳ ಲದ್ದಿ ಮತ್ತೆ ಎಣಿಸಿದೆವು. ಸೊನ್ನೆಯ ಹತ್ತಿರ ಬರಬೇಕಿದ್ದ ಲೆಕ್ಕ ಅರ್ಧಕ್ಕೂ ಇಳಿದಿರಲಿಲ್ಲ. ಅವರು ವರ್ಷಗಳಿಂದ ಒಂದು ಸರದಿಯೂ ತಪ್ಪಿಸದೆ, ಬ್ರ್ಯಾಂಡ್ ಬದಲಿಸಿ ಬದಲಿಸಿ ಕೊಟ್ಟಿದ್ದರು. ಡಬ್ಬಿಯ ಬಣ್ಣ ಬೇರೆ, ಹೆಸರು ಬೇರೆ, ಒಳಗಿದ್ದ ಔಷಧಿ ಒಂದೇ ಗುಂಪಿನದು. ಅದನ್ನು ಅವರಿಗೆ ಹೇಳಬೇಕಾದವರು ನಾವು, ಹೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಬದಲಾವಣೆ.

"ವರದಿಯಲ್ಲಿ 150 ಮೊಟ್ಟೆ ಅಂತ ಬರೆದಿದ್ದೀರಿ, ಆದರೂ ಔಷಧಿ ಕೊಡಲಿಲ್ಲ" ಎಂದು ಬೇಸರಿಸಿದವರಿಗೂ ಒಂದು ಮಾತು. ಒಂದು ಗ್ರಾಂ ಲದ್ದಿಯಲ್ಲಿ 200ಕ್ಕಿಂತ ಕಡಿಮೆ ಮೊಟ್ಟೆಯಿದ್ದರೆ, ಆರೋಗ್ಯವಾಗಿರುವ ಬೆಳೆದ ಕುದುರೆಯ ಮೈ ಹುಳುವನ್ನು ತಾನೇ ಹತೋಟಿಯಲ್ಲಿಟ್ಟಿದೆ ಎಂದರ್ಥ. 500 ದಾಟಿದರೆ ಹುಲ್ಲುಗಾವಲಿಗೆ ಮೊಟ್ಟೆ ಸುರಿಯುವ ಕುದುರೆ ಅದು. ಸಾಮಾನ್ಯವಾಗಿ ಒಂದು ಗುಂಪಿನ ನೂರಕ್ಕೆ ಇಪ್ಪತ್ತು ಕುದುರೆಗಳೇ ನೂರಕ್ಕೆ ಎಂಬತ್ತರಷ್ಟು ಮೊಟ್ಟೆ ಹಾಕುತ್ತವೆ. ಆ ಇಪ್ಪತ್ತಕ್ಕೆ ಔಷಧಿ ಕೊಟ್ಟರೆ ಹುಲ್ಲುಗಾವಲಿಗೆ ಬೀಳುವ ಮೊಟ್ಟೆ ಬಹಳಷ್ಟು ಕಡಿಮೆಯಾಗುತ್ತದೆ. ಉಳಿದವುಗಳ ಹೊಟ್ಟೆಯಲ್ಲಿ ಔಷಧಿಗೆ ಬಗ್ಗುವ ಹುಳುಗಳು ಒಂದಿಷ್ಟು ಬದುಕಿರಲಿ. ಬಗ್ಗದ ಹುಳುಗಳ ಸಂತತಿಯೊಂದಿಗೆ ಅವು ಬೆರೆತುಕೊಂಡಿರುವವರೆಗೆ ಔಷಧಿಗೆ ಬಲ ಇರುತ್ತದೆ.

ದುಡ್ಡಿನ ಮಾತು ತೆಗೆಯದೆ ವಿಧಿಯಿಲ್ಲ. "ಲದ್ದಿ ನೋಡಲಿಕ್ಕೂ ದುಡ್ಡು, ಟ್ಯೂಬಿನ ಬೆಲೆಯೂ ಜಾಸ್ತಿ" ಎನ್ನುವ ಮಾತು ನನಗೆ ನೋವು ತಂದಿದೆ. ಮೊದಲು ಪೆಟ್ಟಿಗೆಗಟ್ಟಲೆ ತರಿಸುತ್ತಿದ್ದೆವು, ಸಗಟು ರಿಯಾಯಿತಿ ಸಿಗುತ್ತಿತ್ತು. ಈಗ ನಾವೇ ಕಡಿಮೆ ಮಾರುತ್ತಿರುವುದರಿಂದ ಆ ರಿಯಾಯಿತಿ ಹೋಯಿತು. ಬೆಲೆ ಏರಿದ್ದು ಅಷ್ಟಕ್ಕೇ, ಅದರ ಮೇಲೆ ನಾವು ಏನೂ ಸೇರಿಸಿಲ್ಲ. ಪರೀಕ್ಷೆಯೆಂದರೆ 4 ಗ್ರಾಂ ಲದ್ದಿ ತೂಗಿ, 26 ಮಿಲಿಲೀಟರ್ ಗಾಢ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಗೆರೆ ಹಾಕಿದ ಗಾಜಿನ ಕೋಶಕ್ಕೆ ತುಂಬಿ, ಮೊಟ್ಟೆ ತೇಲುವವರೆಗೆ ಕಾದು, ಮೈಕ್ರೋಸ್ಕೋಪಿನಡಿ ಒಂದೊಂದೇ ಎಣಿಸಬೇಕು. ಎರಡು ಕೋಶಗಳಲ್ಲಿ ಸಿಕ್ಕ ಲೆಕ್ಕವನ್ನು 25ರಿಂದ ಗುಣಿಸಿದರೆ ನಿಮ್ಮ ವರದಿಯ ಅಂಕಿ. ಬೆಳಗಿಂದ ಸಂಜೆವರೆಗೆ ಕಣ್ಣು ಕೀಳದೆ ಕೂರುವ ಹುಡುಗಿಗೆ ಸಂಬಳ ಕೊಡಬೇಕು. ಮೈಕ್ರೋಸ್ಕೋಪಿನ ಸಾಲ ಇನ್ನೂ ತೀರಿಲ್ಲ. ಟ್ಯೂಬ್ ಮಾರಿದ್ದರೆ ಇದಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಲಾಭ ನೋಡಿದ್ದರೆ ಹಳೆಯ ದಾರಿಯಲ್ಲೇ ಇರುತ್ತಿದ್ದೆವು.

ಔಷಧಿ ಪೂರ್ತಿ ನಿಂತುಹೋಯಿತೆಂಬ ಸುದ್ದಿ ಹಬ್ಬಿದೆ. ಅದು ನಿಜವಲ್ಲ. ಡೆನ್ಮಾರ್ಕಿನಲ್ಲಿ 1999ರಿಂದ ಪಶುವೈದ್ಯರ ಚೀಟಿಯಿಲ್ಲದೆ ಈ ಔಷಧಿ ಸಿಗುವುದಿಲ್ಲ. ಮೊಟ್ಟೆ ಕಂಡ ಕುದುರೆಗಳಿಗೆ ಮಾತ್ರ ಕೊಡುತ್ತಿದ್ದ ಅಲ್ಲಿನ ಲಾಯಗಳಲ್ಲಿ ಆ ಹಳೆಯ ದೊಡ್ಡ ಹುಳು ಹೆಚ್ಚಾಗಿ ಕಂಡುಬಂತು. ಆದ್ದರಿಂದ ನಮ್ಮಲ್ಲಿ ವರ್ಷಕ್ಕೆ ಒಂದೆರಡು ಸಲ ಎಲ್ಲ ಬೆಳೆದ ಕುದುರೆಗಳಿಗೂ ಔಷಧಿ ಇದ್ದೇ ಇರುತ್ತದೆ. ಅದರಲ್ಲೊಂದು ಸಲ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಕೂಡ ಸೇರಿರುತ್ತದೆ. ಲಾಡಿಹುಳುವಿನ ಮೊಟ್ಟೆ ನಮ್ಮ ಎಣಿಕೆಯಲ್ಲಿ ಬಹಳ ಸಲ ತಪ್ಪಿಸಿಕೊಳ್ಳುತ್ತದೆ. ಕರುಳಿನ ಗೋಡೆಯೊಳಗೆ ಸುತ್ತಿಕೊಂಡು ಮಲಗಿರುವ ಸಣ್ಣ ಸ್ಟ್ರಾಂಜೈಲ್ ಮರಿಗಳೂ ಎಣಿಕೆಗೆ ಸಿಗುವುದಿಲ್ಲ. ಅವು ಒಮ್ಮೆಲೇ ಹೊರಬಿದ್ದರೆ ಭಾರಿ ಭೇದಿ, ಕುದುರೆ ದಿನಗಳಲ್ಲಿ ಸೊರಗುತ್ತದೆ, ಸಾಯಲೂಬಹುದು. ಕುದುರೆ ಇಳಿದುಹೋಗಿದ್ದರೆ, ಭೇದಿಯಿದ್ದರೆ, ಹೊಟ್ಟೆನೋವು ಬಂದಿದ್ದರೆ ಎಣಿಕೆಯ ಅಂಕಿ ಕಾಯಬೇಡಿ. ನೇರ ಪಶುವೈದ್ಯರನ್ನು ಕರೆಸಿ.

ಕುದುರೆ ಮರಿಗಳಿಗೆ ಈ ನಿಯಮ ಅನ್ವಯಿಸುವುದೇ ಇಲ್ಲ. ಮರಿಯನ್ನು ಕಾಡುವುದು ಪ್ಯಾರಾಸ್ಕಾರಿಸ್ ಎಂಬ ದಪ್ಪ ದುಂಡುಹುಳು. ಅದರ ಮೊಟ್ಟೆ ಲಾಯದ ನೆಲದಲ್ಲೂ ಹುಲ್ಲುಗಾವಲಲ್ಲೂ ವರ್ಷಗಟ್ಟಲೆ ಬದುಕುತ್ತದೆ. ಎರಡು ಮೂರು ತಿಂಗಳ ವಯಸ್ಸಿಗೆ ಮೊದಲ ಔಷಧಿ ಬೀಳಲೇಬೇಕು. ಅದು ಫೆನ್‌ಬೆಂಡಜೋಲ್ ಗುಂಪಿನದಾಗಿರಲಿ, ಏಕೆಂದರೆ ಈ ಹುಳು ಬಹಳ ಕಡೆ ಐವರ್ಮೆಕ್ಟಿನ್‌ಗೆ ಬಗ್ಗುವುದನ್ನು ಬಿಟ್ಟಿದೆ. ಹೊಟ್ಟೆ ತುಂಬ ಹುಳುವಿರುವ ಮರಿಗೆ ಒಂದೇ ಏಟಿಗೆ ಹುಳು ಸತ್ತರೆ ಉಂಡೆಯಾಗಿ ಕರುಳು ಕಟ್ಟಿಕೊಳ್ಳುವ ಭಯವೂ ಇದೆ. ಆದ್ದರಿಂದ ಡೊಳ್ಳುಹೊಟ್ಟೆಯ, ಒರಟು ಕೂದಲಿನ ಮರಿಯಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಆರು ತಿಂಗಳೊಳಗಿನ ಮರಿಗೆ ಐವರ್ಮೆಕ್ಟಿನ್ ಗುಂಪಿನದೇ ಆದ ಮಾಕ್ಸಿಡೆಕ್ಟಿನ್ ಕೇಳಬೇಡಿ, ಕೊಡುವುದಿಲ್ಲ.

ತೂಕ ಕಣ್ಣಂದಾಜಿನಲ್ಲಿ ಹೇಳುವುದೂ ಇನ್ನು ಸಾಕು. ಕಡಿಮೆ ಬಿದ್ದ ಔಷಧಿ ಹುಳುವನ್ನು ಕೊಲ್ಲದೆ ಗಟ್ಟಿಮಾಡುತ್ತದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆದು ತನ್ನಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11877ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 180, ಉದ್ದ 160 ಇದ್ದರೆ ಸುಮಾರು 436 ಕಿಲೋ. ಈ ಲೆಕ್ಕ ನಾವು ಮಾಡಿಕೊಡುತ್ತೇವೆ, ಇದಕ್ಕೆ ದುಡ್ಡಿಲ್ಲ.

ಲದ್ದಿ ಆಗಷ್ಟೇ ಬಿದ್ದದ್ದಾಗಿರಲಿ. ಒಂದೆರಡು ಉಂಡೆ ಚೀಲಕ್ಕೆ ಹಾಕಿ, ಗಾಳಿ ಪೂರ್ತಿ ಹಿಂಡಿ ತೆಗೆದು ಕಟ್ಟಿ, ಕುದುರೆಯ ಹೆಸರು ಬರೆಯಿರಿ. ತರುವವರೆಗೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹೋದ ಸಲ ಐವರ್ಮೆಕ್ಟಿನ್ ಕೊಟ್ಟಿದ್ದರೆ ಹನ್ನೆರಡು ವಾರ, ಮಾಕ್ಸಿಡೆಕ್ಟಿನ್ ಆಗಿದ್ದರೆ ಹದಿನಾರು ವಾರ ಕಳೆದ ಮೇಲೆ ತನ್ನಿ. ಅದಕ್ಕೂ ಮೊದಲು ತಂದರೆ ಕುದುರೆಯ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ, ನಿಮ್ಮ ದುಡ್ಡೂ ದಂಡ. ಔಷಧಿ ಕೆಲಸ ಮಾಡಿತೇ ಎಂದು ನೋಡಲು ಮಾತ್ರ 14 ದಿನದ ಲದ್ದಿ.

ಇನ್ನೊಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ವಾರಕ್ಕೆ ಎರಡು ಸಲ ಹುಲ್ಲುಗಾವಲಿನ ಲದ್ದಿ ಎತ್ತಿಬಿಡಿ. ಮೊಟ್ಟೆಯೊಡೆದು ಹುಲ್ಲಿಗೆ ಹತ್ತುವ ಮೊದಲೇ ಹುಳು ಹೊರಹೋಗುತ್ತದೆ. ಹಸಿ ಲದ್ದಿಯನ್ನು ಹುಲ್ಲುಗಾವಲಿಗೆ ಹರಡಬೇಡಿ, ತಿಪ್ಪೆಯಲ್ಲಿ ಕೊಳೆತು ಬಿಸಿಯಾದ ಮೇಲೆ ಹಾಕಿ. ಹಸುವೋ ಕುರಿಯೋ ಇದ್ದರೆ ಕುದುರೆ ಮೇಯ್ದ ಜಾಗದಲ್ಲಿ ಮೇಯಿಸಿ. ಕುದುರೆಯ ಸ್ಟ್ರಾಂಜೈಲ್‌ಗಳು ಅವುಗಳ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ. ಹೊಸ ಕುದುರೆ ತಂದರೆ ಎಣಿಕೆಯಾಗುವವರೆಗೆ ಬೇರೆ ಕಟ್ಟಿ.

ಕೌಂಟರಿನಿಂದ ಬರಿಗೈಯಲ್ಲಿ ಹೋದವರ ಮೊದಲ ಪರೀಕ್ಷೆಗೆ ಸಂಘ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳಿದರೆ ಸಾಕು, ನಮಗೆ ನೆನಪಿದೆ. ವರದಿ ಅರ್ಥವಾಗದಿದ್ದರೆ ಫೋನಿನಲ್ಲಿ ಜಗಳ ಬೇಡ, ಬನ್ನಿ. ನಿಮ್ಮ ಕುದುರೆಯದೇ ಲದ್ದಿಯ ಮೊಟ್ಟೆಗಳನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿ, ನಿಮ್ಮ ಜೊತೆ ಕೂತು ನಾನೇ ಎಣಿಸುತ್ತೇನೆ.

ಇಂತಿ ನಿಮ್ಮ,
ಸಂಘದ ಕಾರ್ಯದರ್ಶಿ